ಒಂದೇ ಲಾಭ, ಐದು ಬಗೆಯ ತೆರಿಗೆ: ವ್ಯಾಪಾರಿಗಳು ಮತ್ತು ಸ್ವಂತ ವೃತ್ತಿಯವರು ತೆರಿಗೆ ಹೊರೆ ಹೋಲಿಸಬೇಕಾದ ಕ್ರಮ

ಮಂಗಳೂರಿನ ಬಂದರಿನ ಮಂಡಿಯಲ್ಲಾಗಲಿ, ಉಡುಪಿಯ ರಥಬೀದಿಯ ಅಂಗಡಿಯಲ್ಲಾಗಲಿ ಪ್ರಶ್ನೆ ಒಂದೇ: "ಸ್ವಂತ ಹೆಸರಲ್ಲಿ ನಡೆಸಿದರೆ ತೆರಿಗೆ ಕಮ್ಮಿಯೋ, ಪಾಲುದಾರಿಕೆಯೋ, ಕಂಪನಿಯೋ?" ಉತ್ತರ ಹುಡುಕುವವರು ಹೆಚ್ಚಾಗಿ ಶೇಕಡಾವಾರು ದರದಿಂದ ಶುರು ಮಾಡುತ್ತಾರೆ. ವ್ಯಕ್ತಿಗೆ ಶೇ. 30ರವರೆಗೆ, ಕಂಪನಿಗೆ ಶೇ. 22, ಹಾಗಾದರೆ ಕಂಪನಿಯೇ ಲಾಭ ಎಂದು ತೀರ್ಮಾನಿಸುತ್ತಾರೆ. ಲೆಕ್ಕ ಕೆಡುವುದು ಅಲ್ಲೇ. ದರ ಬರುವುದು ಕೊನೆಗೆ. ಅದಕ್ಕೂ ಮೊದಲು ಆದಾಯ ಯಾವ ಬಗೆಯದು, ಲಾಭ ಎಷ್ಟು, ಆ ದುಡ್ಡು ಮನೆಗೆ ಯಾವ ದಾರಿಯಲ್ಲಿ ಬರುತ್ತದೆ ಎಂಬ ಮೂರು ವಿಷಯ ಇತ್ಯರ್ಥವಾಗಬೇಕು.

ಇಲ್ಲಿನ ಅಂಕಿಗಳೆಲ್ಲ 2025ರ ಏಪ್ರಿಲ್ 1ರಿಂದ 2026ರ ಮಾರ್ಚ್ 31ರವರೆಗೆ ಗಳಿಸಿದ ಆದಾಯಕ್ಕೆ ಸಂಬಂಧಿಸಿದವು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಆದರೆ ಈ ಅವಧಿಯ ಆದಾಯಕ್ಕೆ 1961ರ ಕಾಯ್ದೆಯ ಹಳೆಯ ಸಂಖ್ಯೆಗಳೇ ಅನ್ವಯ.

ಹಂತ 1: ಮೇಜಿನ ಮೇಲೆ ಇರಬೇಕಾದ ಕಾಗದ

ಇಡೀ ವರ್ಷದ ಎಲ್ಲ ಬ್ಯಾಂಕ್ ಖಾತೆಗಳ ಸ್ಟೇಟ್‌ಮೆಂಟ್ (ಉಳಿತಾಯ ಖಾತೆಗೆ ಯುಪಿಐ ಮೂಲಕ ಬಂದದ್ದೂ ಸೇರಿ), ಜಿಎಸ್‌ಟಿ ನೋಂದಣಿ ಇದ್ದರೆ ಸಲ್ಲಿಸಿದ ರಿಟರ್ನ್ಸ್, ಆದಾಯ ತೆರಿಗೆ ಪೋರ್ಟಲ್‌ನಿಂದ ಇಳಿಸಿಕೊಂಡ ಫಾರ್ಮ್ 26ಎಎಸ್ (ನಿಮ್ಮ ಹೆಸರಲ್ಲಿ ಜಮೆಯಾದ ತೆರಿಗೆಯ ಪಟ್ಟಿ) ಮತ್ತು ವಾರ್ಷಿಕ ಮಾಹಿತಿ ವಿವರಣೆ ಅಂದರೆ ಎಐಎಸ್, ಸಾಲದ ಬಡ್ಡಿ ಪ್ರಮಾಣಪತ್ರ, ಯಂತ್ರ ಮತ್ತು ವಾಹನ ಖರೀದಿಯ ಬಿಲ್. ಪಾಲುದಾರಿಕೆ ಇದ್ದರೆ ಅದರ ಕರಾರುಪತ್ರ ಅಂದರೆ ಡೀಡ್‌ನ ಪೂರ್ತಿ ಪ್ರತಿ ಬೇಕು. ಮೊದಲ ಪುಟ ಮಾತ್ರ ಸಾಲದು, ಸಂಭಾವನೆಯ ಷರತ್ತು ಇರುವುದು ಒಳಗಿನ ಪುಟಗಳಲ್ಲಿ.

ಮೊದಲು ಮಾಡುವ ಕೆಲಸ: ಬ್ಯಾಂಕಿನ ಜಮೆ, ಜಿಎಸ್‌ಟಿಯಲ್ಲಿ ತೋರಿಸಿದ ವಹಿವಾಟು, ಎಐಎಸ್‌ನಲ್ಲಿ ಕಾಣುವ ಮೊತ್ತ, ಈ ಮೂರನ್ನೂ ಪಕ್ಕಪಕ್ಕ ಬರೆಯಿರಿ. ವ್ಯತ್ಯಾಸ ಇದ್ದರೆ ಕಾರಣ ಗೊತ್ತಿರಬೇಕು. ಸಾಲದ ಹಣ, ಮುಂಬೈಯ ಅಣ್ಣ ಕಳಿಸಿದ್ದು, ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸಿದ್ದು ಇವು ಯಾವುವೂ ವಹಿವಾಟಲ್ಲ. ಅವನ್ನು ಬೇರ್ಪಡಿಸದೆ ಮುಂದಿನ ಹಂತಕ್ಕೆ ಹೋದರೆ ಎಲ್ಲ ಲೆಕ್ಕವೂ ವಾಲುತ್ತದೆ.

ಹಂತ 2: ಆದಾಯ ಯಾವ ಬಗೆಯದು?

ಒಬ್ಬರೇ ವ್ಯಕ್ತಿಗೆ ನಾಲ್ಕು ಬಗೆಯ ಆದಾಯ ಇರುವುದು ನಮ್ಮ ಜಿಲ್ಲೆಗಳಲ್ಲಿ ಸಾಮಾನ್ಯ. ಒಂದೊಂದಕ್ಕೂ ನಿಯಮ ಬೇರೆ.

ವ್ಯಾಪಾರ: ದಿನಸಿ, ಬೇಕರಿ, ಹೋಟೆಲ್, ಕ್ಯಾಟರಿಂಗ್, ಗೇರುಬೀಜ ಸಂಸ್ಕರಣೆ, ಮೀನು ಮಾರಾಟ. ಮೀನುಗಾರಿಕೆ ಕೃಷಿಯಲ್ಲ, ವ್ಯಾಪಾರ.

ವೃತ್ತಿ: ವೈದ್ಯರು, ವಕೀಲರು, ಎಂಜಿನಿಯರ್, ಆರ್ಕಿಟೆಕ್ಟ್, ಲೆಕ್ಕಪರಿಶೋಧಕರು, ಒಳಾಂಗಣ ವಿನ್ಯಾಸಕಾರರು, ತಾಂತ್ರಿಕ ಸಲಹೆಗಾರರು, ಸಾಫ್ಟ್‌ವೇರ್ ಕೆಲಸ ಮಾಡುವ ಸ್ವತಂತ್ರ ವೃತ್ತಿಯವರು.

ಕಮಿಷನ್ ಮತ್ತು ದಲಾಲಿ: ಅಡಿಕೆಯನ್ನು ತಾವೇ ಕೊಂಡು ಮಾರುವವರು ವ್ಯಾಪಾರಿಗಳು. ಬೆಳೆಗಾರನ ಪರವಾಗಿ ಮಾರಿಸಿ ಕಮಿಷನ್ ಮಾತ್ರ ಇಟ್ಟುಕೊಳ್ಳುವವರು ಕಮಿಷನ್ ಏಜೆಂಟರು. ಇಬ್ಬರೂ ಒಂದೇ ಬೀದಿಯಲ್ಲಿ ಕೂತಿದ್ದರೂ ಎರಡನೆಯವರಿಗೆ ಮುಂದೆ ಹೇಳುವ 44ಎಡಿ ಸೌಲಭ್ಯ ಇಲ್ಲ. ವಿಮಾ ಏಜೆಂಟರಿಗೂ ಇಲ್ಲ.

ಕೃಷಿ: ಸ್ವಂತ ತೋಟದ ಅಡಿಕೆಯನ್ನು ಒಣಗಿಸಿ ಸುಲಿದು ಮಾರಿದರೂ ಅದು ಕೃಷಿ ಆದಾಯವೇ. ಶಂಕರಪುರದ ಮಲ್ಲಿಗೆ ಬೆಳೆದು ಮಾರಿದ್ದೂ ಹಾಗೆಯೇ. ಬೇರೆಯವರ ತೋಟದಿಂದ ಕೊಂಡು ಮಾರಿದ ಕ್ಷಣ ಅದು ವ್ಯಾಪಾರ.

ಹಂತ 3: ನಿಜವಾದ ಲಾಭವನ್ನು ಒಮ್ಮೆಯಾದರೂ ಕಟ್ಟಿ ನೋಡಿ

ಊಹಾತ್ಮಕ ಪದ್ಧತಿಯಲ್ಲೇ (ಕಾನೂನು ಗೊತ್ತುಮಾಡಿದ ಅಂದಾಜನ್ನೇ ಲಾಭವೆಂದು ಹಿಡಿಯುವ ಕ್ರಮ) ತೆರಿಗೆ ಕಟ್ಟುವ ಉದ್ದೇಶ ಇದ್ದರೂ ಈ ಹಂತ ಬಿಡಬೇಡಿ. ನಿಜ ಲಾಭ ಗೊತ್ತಿಲ್ಲದೆ ಹೋಲಿಕೆ ಸಾಧ್ಯವೇ ಇಲ್ಲ.

ಮಾರಾಟದಿಂದ ಸರಕಿನ ಬೆಲೆ, ಬಾಡಿಗೆ, ಸಂಬಳ, ವಿದ್ಯುತ್, ಸಾಲದ ಬಡ್ಡಿ ಕಳೆಯಿರಿ. ಆಮೇಲೆ ಸವಕಳಿ, ಅಂದರೆ ಆಸ್ತಿ ಸವೆಯುವುದಕ್ಕೆ ವರ್ಷವರ್ಷ ಕಳೆಯುವ ಮೊತ್ತ: ಯಂತ್ರೋಪಕರಣ ಮತ್ತು ಕಾರಿಗೆ ಶೇ. 15, ಪೀಠೋಪಕರಣಕ್ಕೆ ಶೇ. 10, ಕಂಪ್ಯೂಟರಿಗೆ ಶೇ. 40. ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಇದರ ಅರ್ಧ.

ಇಲ್ಲಿ ನಡೆಯುವ ಮೂರು ತಪ್ಪು. ಒಂದು, ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟ ಖರ್ಚನ್ನು ಹಾಗೇ ಕಳೆಯುವುದು. ಅದು ಇಡಿಯಾಗಿ ತಿರಸ್ಕೃತವಾಗುತ್ತದೆ (ಸರಕು ಸಾಗಿಸುವ ವಾಹನದವರಿಗೆ ಮಿತಿ 35,000). ಎರಡು, ಮನೆಯ ಕರೆಂಟ್ ಬಿಲ್, ಮಗಳ ಕಾಲೇಜು ಫೀಸು ಎಲ್ಲವನ್ನೂ ಅಂಗಡಿಯ ಖರ್ಚಿಗೆ ಸೇರಿಸುವುದು. ಮೂರು, ಮಾಲೀಕ ತನಗೆ ತಾನೇ ಕೊಟ್ಟುಕೊಂಡ "ಸಂಬಳ"ವನ್ನು ಕಳೆಯುವುದು. ಸ್ವಂತ ಹೆಸರಿನ ವ್ಯಾಪಾರದಲ್ಲಿ ಅಂಥ ಸಂಬಳವೇ ಇಲ್ಲ. ಅದು ಲಾಭದಿಂದ ತೆಗೆದ ಹಣ.

ಹಂತ 4: ಊಹಾತ್ಮಕ ಪದ್ಧತಿ ಸಿಗುತ್ತದೆಯೇ?

44ಎಡಿ (ವ್ಯಾಪಾರ): ವಹಿವಾಟು 2 ಕೋಟಿಯವರೆಗೆ. ನಗದು ಸ್ವೀಕೃತಿ ಶೇ. 5 ಮೀರದಿದ್ದರೆ 3 ಕೋಟಿಯವರೆಗೆ. ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದ ಮಾರಾಟದ ಮೇಲೆ ಶೇ. 6, ನಗದಿನ ಮೇಲೆ ಶೇ. 8 ಲಾಭ ಎಂದು ಪರಿಗಣನೆ. ವಹಿವಾಟು 1.2 ಕೋಟಿ, ಅದರಲ್ಲಿ 90 ಲಕ್ಷ ಬ್ಯಾಂಕಿನಲ್ಲಿ, 30 ಲಕ್ಷ ನಗದು ಎಂದಿಟ್ಟುಕೊಳ್ಳಿ: 5.4 ಲಕ್ಷ ಮತ್ತು 2.4 ಲಕ್ಷ ಸೇರಿ 7.8 ಲಕ್ಷ. 2025ರ ಜುಲೈಯಲ್ಲಿ ಯುಪಿಐ ವಹಿವಾಟು ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಹಲವರು ಕ್ಯೂಆರ್ ಫಲಕ ತೆಗೆದು ನಗದಿಗೆ ಹೊರಳಿದರು. ಅದು ಜಿಎಸ್‌ಟಿಯ ಗಲಾಟೆ. ಆದಾಯ ತೆರಿಗೆಯಲ್ಲಿ ಮಾತ್ರ ನಗದೇ ದುಬಾರಿ. ಅದೇ 1.2 ಕೋಟಿ ಪೂರ್ತಿ ನಗದಾದರೆ 9.6 ಲಕ್ಷ, ಪೂರ್ತಿ ಬ್ಯಾಂಕಿನಲ್ಲಾದರೆ 7.2 ಲಕ್ಷ.

44ಎಡಿಎ (ವೃತ್ತಿ): ಸ್ವೀಕೃತಿ 50 ಲಕ್ಷದವರೆಗೆ, ನಗದು ಶೇ. 5ರೊಳಗಿದ್ದರೆ 75 ಲಕ್ಷದವರೆಗೆ. ಅರ್ಧ ಲಾಭ, ಅರ್ಧ ಖರ್ಚು.

44ಎಇ (ಲಾರಿ, ಟೆಂಪೊ): ವರ್ಷದಲ್ಲಿ ಯಾವಾಗಲೂ 10ಕ್ಕಿಂತ ಹೆಚ್ಚು ವಾಹನ ಇರದವರಿಗೆ. 12 ಟನ್ ಮೀರಿದ ವಾಹನಕ್ಕೆ ತಿಂಗಳಿಗೆ ಟನ್ನಿಗೆ 1,000 ರೂಪಾಯಿ, ಉಳಿದವಕ್ಕೆ ತಿಂಗಳಿಗೆ 7,500.

ಈ ಶೇಕಡಾ 6, 8, 50 ಎಲ್ಲವೂ ಕನಿಷ್ಠ ಮಿತಿ. ಲಾಭ ಶೇ. 15 ಬಂದು, ಆ ದುಡ್ಡಲ್ಲಿ ಸುರತ್ಕಲ್‌ನಲ್ಲಿ ಫ್ಲಾಟ್ ಕೊಂಡು, ರಿಟರ್ನ್ಸ್‌ನಲ್ಲಿ ಶೇ. 6 ತೋರಿಸಿದರೆ ಹಣದ ಮೂಲ ಕೇಳಿದಾಗ ಉತ್ತರ ಇರುವುದಿಲ್ಲ.

ಇನ್ನೊಂದು ಬೀಗ ಇದೆ. 44ಎಡಿಗೆ ಒಮ್ಮೆ ಸೇರಿ, ಮುಂದಿನ ಐದು ವರ್ಷಗಳೊಳಗೆ ಅದಕ್ಕಿಂತ ಕಡಿಮೆ ಲಾಭ ತೋರಿಸಿ ಹೊರಬಂದರೆ ನಂತರದ ಐದು ವರ್ಷ ಈ ಬಾಗಿಲು ಮುಚ್ಚುತ್ತದೆ. ಆದಾಯ ಮೂಲ ವಿನಾಯಿತಿ ಮಿತಿ (ತೆರಿಗೆಯೇ ಇಲ್ಲದ ಮೊದಲ ಮೊತ್ತ) ಮೀರಿದ್ದರೆ ಲೆಕ್ಕಪುಸ್ತಕವೂ ಆಡಿಟ್ಟೂ ಬೇಕಾಗುತ್ತದೆ.

ವೃತ್ತಿಯವರು ತೂಗಿ ನೋಡಬೇಕಾದ ಉದಾಹರಣೆ: ಮಣಿಪಾಲದಲ್ಲಿ ಬಾಡಿಗೆ ಕಟ್ಟಡದಲ್ಲಿ ದಂತ ಚಿಕಿತ್ಸಾಲಯ, ಸ್ವೀಕೃತಿ 30 ಲಕ್ಷ, ನಿಜವಾದ ಖರ್ಚು 18 ಲಕ್ಷ. 44ಎಡಿಎಯಲ್ಲಿ ಆದಾಯ 15 ಲಕ್ಷ, ಮುಂದಿನ ಹಂತದಲ್ಲಿ ಹೇಳುವ ಹೊಸ ಪದ್ಧತಿಯ ದರದಲ್ಲಿ ತೆರಿಗೆ 1,09,200. ಲೆಕ್ಕ ಬರೆದು ಆಡಿಟ್ ಮಾಡಿಸಿದರೆ ಆದಾಯ 12 ಲಕ್ಷ, ತೆರಿಗೆ ಸೊನ್ನೆ. ಇಲ್ಲಿ ಆಡಿಟರ್ ಶುಲ್ಕ ಕೊಟ್ಟರೂ ಲಾಭವೇ. ಖರ್ಚು 14 ಲಕ್ಷ ಇದ್ದಿದ್ದರೆ ಆಡಿಟ್ ಮಾಡಿಸುವ ಮಾತೇ ಇಲ್ಲ.

ಹಂತ 5: ಹೊಸ ಪದ್ಧತಿ, ಹಳೆ ಪದ್ಧತಿ

ತೆರಿಗೆ ಲೆಕ್ಕಕ್ಕೆ ಎರಡು ಪದ್ಧತಿ ಇವೆ: ದರ ಕಡಿಮೆ ಇದ್ದು ವೈಯಕ್ತಿಕ ವಿನಾಯಿತಿ ಇಲ್ಲದ ಹೊಸದು, ವಿನಾಯಿತಿ ಇರುವ ಹಳೆಯದು. ಹೊಸ ಪದ್ಧತಿಯ ದರ: 4 ಲಕ್ಷದವರೆಗೆ ಇಲ್ಲ, 8ರವರೆಗೆ ಶೇ. 5, 12ರವರೆಗೆ ಶೇ. 10, 16ರವರೆಗೆ ಶೇ. 15, 20ರವರೆಗೆ ಶೇ. 20, 24ರವರೆಗೆ ಶೇ. 25, ಆಮೇಲೆ ಶೇ. 30. ಬಂದ ತೆರಿಗೆಯ ಮೇಲೆ ಶೇ. 4 ಸೆಸ್. ಒಟ್ಟು ಆದಾಯ 12 ಲಕ್ಷದೊಳಗಿದ್ದರೆ ಸೆಕ್ಷನ್ 87ಎ ಅಡಿ 60,000ದವರೆಗೆ ರಿಬೇಟ್, ಅಂದರೆ ಬಂದ ತೆರಿಗೆಯಲ್ಲೇ ಕಡಿತ.

"12.75 ಲಕ್ಷದವರೆಗೆ ತೆರಿಗೆ ಇಲ್ಲ" ಎಂಬ ಮಾತು ವ್ಯಾಪಾರಿಗಳಿಗೆ ಅನ್ವಯಿಸದು. ಆ 75,000 ಸಂಬಳದಾರರಿಗೆ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್. ವ್ಯಾಪಾರದಿಂದ 12.75 ಲಕ್ಷ ಗಳಿಸಿದವರು 74,100 ರೂಪಾಯಿ ಕಟ್ಟಬೇಕು. 12 ಲಕ್ಷವನ್ನು ಸ್ವಲ್ಪವೇ ದಾಟಿದರೆ ಮಾತ್ರ ರಿಯಾಯಿತಿ ಇದೆ: 12.10 ಲಕ್ಷಕ್ಕೆ ತೆರಿಗೆ ಹೆಚ್ಚುವರಿ 10,000ಕ್ಕೆ ಸೀಮಿತ, ಸೆಸ್ ಸೇರಿ 10,400. ಈ ರಿಬೇಟ್ ವ್ಯಕ್ತಿಗಳಿಗೆ ಮಾತ್ರ. ಅವಿಭಕ್ತ ಕುಟುಂಬಕ್ಕೂ ಪಾಲುದಾರಿಕೆ ಸಂಸ್ಥೆಗೂ ಇಲ್ಲ.

"ಹೊಸ ಪದ್ಧತಿಯಲ್ಲಿ ಖರ್ಚು ಕಳೆಯಲು ಬಿಡುವುದಿಲ್ಲ" ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಬಾಡಿಗೆ, ಸಂಬಳ, ಬಡ್ಡಿ, ಸಾಮಾನ್ಯ ಸವಕಳಿ ಎಲ್ಲವೂ ಕಳೆಯುತ್ತವೆ. ಹೋಗುವುದು ವೈಯಕ್ತಿಕ ವಿನಾಯಿತಿ: ಎಲ್‌ಐಸಿ, ಪಿಪಿಎಫ್, ಆರೋಗ್ಯ ವಿಮೆ, ವಾಸದ ಮನೆಯ ಸಾಲದ ಬಡ್ಡಿ.

ಹಳೆ ಪದ್ಧತಿ ಯಾವಾಗ ಲಾಭ? 18 ಲಕ್ಷ ಆದಾಯಕ್ಕೆ ಹೊಸ ಪದ್ಧತಿಯಲ್ಲಿ ತೆರಿಗೆ 1,66,400. ಹಳೆಯದರಲ್ಲಿ ವಿನಾಯಿತಿ ಇಲ್ಲದಿದ್ದರೆ 3,66,600. ಎರಡೂ ಸಮವಾಗಲು ಸುಮಾರು 6.42 ಲಕ್ಷದ ವಿನಾಯಿತಿ ಬೇಕು. 80ಸಿ (ಎಲ್‌ಐಸಿ, ಪಿಪಿಎಫ್ ಮುಂತಾದವು) 1.5 ಲಕ್ಷ, ಎನ್‌ಪಿಎಸ್ 50,000, ಆರೋಗ್ಯ ವಿಮೆ 25,000, ಮನೆ ಸಾಲದ ಬಡ್ಡಿ 2 ಲಕ್ಷ ಎಲ್ಲ ತುಂಬಿಸಿದರೂ 4.25 ಲಕ್ಷ. ಹಾಗಾಗಿ ಹೆಚ್ಚಿನವರಿಗೆ ಹಳೆಯದು ಗಿಟ್ಟದು. ಆದರೂ ಬೇಕೆಂದರೆ ವ್ಯಾಪಾರ ಅಥವಾ ವೃತ್ತಿಯ ಆದಾಯ ಇರುವವರು ರಿಟರ್ನ್ಸ್‌ನ ಕೊನೆಯ ದಿನದೊಳಗೆ ಫಾರ್ಮ್ 10-ಐಇಎ ಸಲ್ಲಿಸಬೇಕು. ಹೊಸ ಪದ್ಧತಿಗೆ ಮರಳಲು ಒಂದೇ ಅವಕಾಶ. ಮರಳಿದ ಮೇಲೆ ಆ ಆದಾಯ ಇರುವವರೆಗೆ ಹಳೆಯದು ಮತ್ತೆ ಸಿಗದು. ಸಂಬಳದಾರರ ಹಾಗೆ ಪ್ರತಿ ವರ್ಷ ಬದಲಿಸುವಂತಿಲ್ಲ.

ಹಂತ 6: ತೋಟದ ಆದಾಯ ಸೇರಿಸಿ ನೋಡಿ

ಪುತ್ತೂರು, ಬೆಳ್ತಂಗಡಿ, ಕಾರ್ಕಳ ಕಡೆಯವರು ಈ ಹಂತ ಬಿಟ್ಟು ಪೆಟ್ಟು ತಿನ್ನುತ್ತಾರೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ನಿಜ. ಆದರೆ ನಿವ್ವಳ ಕೃಷಿ ಆದಾಯ 5,000 ಮೀರಿ, ಉಳಿದ ಆದಾಯ ಮೂಲ ವಿನಾಯಿತಿ ಮೀರಿದ್ದರೆ ದರ ನಿರ್ಧಾರಕ್ಕೆ ಅದು ಸೇರುತ್ತದೆ.

ವ್ಯಾಪಾರದಿಂದ 10 ಲಕ್ಷ, ತೋಟದಿಂದ ಖರ್ಚು ಕಳೆದು 4 ಲಕ್ಷ ಎಂದುಕೊಳ್ಳಿ.
1. ಎರಡೂ ಸೇರಿ 14 ಲಕ್ಷಕ್ಕೆ ತೆರಿಗೆ: 90,000.
2. ಕೃಷಿಯ 4 ಲಕ್ಷಕ್ಕೆ ಮೂಲ ವಿನಾಯಿತಿ 4 ಲಕ್ಷ ಸೇರಿಸಿ 8 ಲಕ್ಷಕ್ಕೆ ತೆರಿಗೆ: 20,000.
3. ವ್ಯತ್ಯಾಸ 70,000. ರಿಬೇಟ್ 60,000 ಕಳೆದು 10,000, ಸೆಸ್ ಸೇರಿ 10,400.

"12 ಲಕ್ಷದೊಳಗೆ ಇದ್ದರೂ ತೆರಿಗೆ ಬಂತಲ್ಲ" ಎಂದು ಪೋರ್ಟಲ್ ಮೇಲೆ ಸಿಟ್ಟಾಗುವವರ ಸಮಸ್ಯೆ ಹೆಚ್ಚಾಗಿ ಇದೇ. ಜೊತೆಗೆ, ಕೃಷಿ ಆದಾಯ 5,000 ಮೀರಿದವರು ಊಹಾತ್ಮಕ ಪದ್ಧತಿಯವರ ಸರಳ ರಿಟರ್ನ್ಸ್ ನಮೂನೆಯಾದ ಐಟಿಆರ್-4 ತುಂಬುವಂತಿಲ್ಲ. 44ಎಡಿ ಬಳಸಿದರೂ ಐಟಿಆರ್-3 ಬೇಕು.

ಹಂತ 7: ಒಂದೇ ಲಾಭವನ್ನು ಎಲ್ಲ ಸ್ವರೂಪದಲ್ಲೂ ಇಟ್ಟು ನೋಡಿ

ಈಗ ದರಕ್ಕೆ ಬರೋಣ. ಅಣ್ಣ ತಮ್ಮ ಇಬ್ಬರೂ ದುಡಿಯುವ ಒಂದು ಬೇಕರಿ, ಮಾಲೀಕರ ಕೈಗೆ ಏನೂ ಹೋಗುವ ಮೊದಲು ಲಾಭ 18 ಲಕ್ಷ, ಎಲ್ಲರದೂ ಹೊಸ ಪದ್ಧತಿ.

ಅಣ್ಣನ ಸ್ವಂತ ಹೆಸರಲ್ಲಿ, ತಮ್ಮನಿಗೆ ಏನೂ ತೋರಿಸದೆ: 1,66,400.

ಅಣ್ಣನ ಹೆಸರಲ್ಲಿ, ತಮ್ಮನಿಗೆ 7 ಲಕ್ಷ ಸಂಬಳ: ಅಣ್ಣನಿಗೆ 11 ಲಕ್ಷ, ಇಬ್ಬರಿಗೂ ಸೊನ್ನೆ. ತಮ್ಮ ನಿಜವಾಗಿ ಆ ಸಂಬಳಕ್ಕೆ ತಕ್ಕ ಕೆಲಸ ಮಾಡುತ್ತಿರಬೇಕು, ಹಣ ಅವನ ಖಾತೆಗೆ ಹೋಗಿರಬೇಕು. ಇದೇ ಉಪಾಯವನ್ನು ಹೆಂಡತಿಯ ಹೆಸರಲ್ಲಿ ಮಾಡಹೊರಟರೆ, ಆಕೆಗೆ ಆ ಕೆಲಸದ ತಾಂತ್ರಿಕ ಅಥವಾ ವೃತ್ತಿಪರ ಅರ್ಹತೆ ಇಲ್ಲದಿದ್ದಲ್ಲಿ ಸಂಬಳ ಗಂಡನ ಆದಾಯಕ್ಕೇ ಸೇರುತ್ತದೆ.

ಪಾಲುದಾರಿಕೆ ಸಂಸ್ಥೆ: ದರ ಶೇ. 30, ಸೆಸ್ ಸೇರಿ 31.2. ಮೂಲ ವಿನಾಯಿತಿ ಇಲ್ಲ, ಮೊದಲ ರೂಪಾಯಿಯಿಂದಲೇ ತೆರಿಗೆ. ಇಲ್ಲಿ ಎಲ್ಲ ನಿಂತಿರುವುದು ಡೀಡ್ ಮೇಲೆ. ದುಡಿಯುವ ಪಾಲುದಾರರಿಗೆ ಸಂಭಾವನೆಯ ಮಿತಿ ಹೀಗೆ: ಮೊದಲ 6 ಲಕ್ಷ ಲಾಭಕ್ಕೆ 3 ಲಕ್ಷ ಅಥವಾ ಶೇ. 90, ಯಾವುದು ಹೆಚ್ಚೋ ಅದು. ಉಳಿದದ್ದಕ್ಕೆ ಶೇ. 60. 18 ಲಕ್ಷಕ್ಕೆ 5.4 ಮತ್ತು 7.2, ಒಟ್ಟು 12.6 ಲಕ್ಷ. ಸಂಸ್ಥೆಗೆ ಉಳಿಯುವ 5.4 ಲಕ್ಷಕ್ಕೆ ತೆರಿಗೆ 1,68,480. ಇಬ್ಬರಿಗೂ ತಲಾ 6.3 ಲಕ್ಷ, ತೆರಿಗೆ ಸೊನ್ನೆ. ಲಾಭದ ಪಾಲಿಗೆ ಅವರ ಕೈಯಲ್ಲಿ ತೆರಿಗೆ ಇಲ್ಲ.

ಬಂಡವಾಳ 20 ಲಕ್ಷ ಇದ್ದು ಅದಕ್ಕೆ ಶೇ. 12 ಬಡ್ಡಿಯ ಷರತ್ತು ಡೀಡ್‌ನಲ್ಲಿದ್ದರೆ, ಮೊದಲು 2.4 ಲಕ್ಷ ಕಳೆಯುತ್ತದೆ. ಸಂಸ್ಥೆಯ ತೆರಿಗೆ 1,38,528ಕ್ಕೆ ಇಳಿಯುತ್ತದೆ. ಡೀಡ್‌ನಲ್ಲಿ ಸಂಭಾವನೆ, ಬಡ್ಡಿ ಎರಡೂ ಇಲ್ಲದಿದ್ದರೆ? ಇಡೀ 18 ಲಕ್ಷಕ್ಕೆ 5,61,600. ಎರಡು ಸಾಲು ಬರೆಯದೆ ಬಿಟ್ಟದ್ದಕ್ಕೆ ಬೀಳುವ ಬೆಲೆ ಅದು. ವರ್ಷದ ಕೊನೆಗೆ ಡೀಡ್ ತಿದ್ದಿ ಹಿಂದಿನ ತಿಂಗಳುಗಳ ಸಂಭಾವನೆ ಕಳೆಯಲು ಆಗದು.

ಪಾಲುದಾರಿಕೆ ಮತ್ತು 44ಎಡಿ ಒಟ್ಟಿಗೆ ಹೋದಾಗ ಇನ್ನೊಂದು ಗುಂಡಿ. ಶೇ. 6 ಅಥವಾ 8ರ ಲಾಭದಿಂದ ಸಂಭಾವನೆಯಾಗಲಿ ಬಡ್ಡಿಯಾಗಲಿ ಮತ್ತೆ ಕಳೆಯುವಂತಿಲ್ಲ. ಹಿಂದಿನ ಉದಾಹರಣೆಯ 7.8 ಲಕ್ಷಕ್ಕೆ ವ್ಯಕ್ತಿಯಾದರೆ ಸೊನ್ನೆ, ಸಂಸ್ಥೆಯಾದರೆ 2,43,360. ಎಲ್‌ಎಲ್‌ಪಿಗೆ (ಸೀಮಿತ ಹೊಣೆಯ ಪಾಲುದಾರಿಕೆಗೆ) 44ಎಡಿ ಸೌಲಭ್ಯವೇ ಇಲ್ಲ.

ಮತ್ತೊಂದು, 2025ರ ಏಪ್ರಿಲ್‌ನಿಂದ ಪಾಲುದಾರನಿಗೆ ವರ್ಷಕ್ಕೆ 20,000 ಮೀರಿ ಕೊಡುವ ಸಂಭಾವನೆ ಮತ್ತು ಬಡ್ಡಿಯ ಮೇಲೆ ಸಂಸ್ಥೆ ಶೇ. 10 ಟಿಡಿಎಸ್ (ಪಾವತಿಯಲ್ಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯಬೇಕು. 12.6 ಲಕ್ಷಕ್ಕೆ 1,26,000. ರೀಫಂಡ್ ಬರುತ್ತದೆ, ಆದರೆ ಅಲ್ಲಿಯವರೆಗೆ ಮೈದಾ ತರಲು ಆ ದುಡ್ಡು ಕೈಯಲ್ಲಿರುವುದಿಲ್ಲ.

ಕಂಪನಿ: ಸೆಕ್ಷನ್ 115ಬಿಎಎ ಆಯ್ದುಕೊಂಡರೆ ಶೇ. 22, ಸರ್ಚಾರ್ಜ್ ಮತ್ತು ಸೆಸ್ ಸೇರಿ 25.168. ಇಬ್ಬರೂ ನಿರ್ದೇಶಕರಾಗಿ ತಲಾ 9 ಲಕ್ಷ ಸಂಬಳ ಪಡೆದರೆ ಕಂಪನಿಗೂ ಸೊನ್ನೆ, ಅವರಿಗೂ ಸೊನ್ನೆ. ಚೆಂದ ಕಾಣುತ್ತದೆ. ಆದರೆ ಇದೇ ಸೊನ್ನೆ ತಮ್ಮನಿಗೆ ಸಂಬಳ ಕೊಟ್ಟ ಎರಡನೇ ಸಾಲಿನಲ್ಲೂ ಇದೆ, ಕಂಪನಿಯ ತಾಪತ್ರಯ ಇಲ್ಲದೆ.

ಒಬ್ಬರೇ ಇದ್ದರೆ ಚಿತ್ರ ಬೇರೆ. ಇಡೀ 18 ಲಕ್ಷವನ್ನು ಒಬ್ಬ ನಿರ್ದೇಶಕ ಸಂಬಳವಾಗಿ ಪಡೆದರೆ ತೆರಿಗೆ 1,50,800. ಸ್ವಂತ ಹೆಸರಲ್ಲಿ ನಡೆಸಿದ್ದಕ್ಕಿಂತ ಉಳಿದದ್ದು 15,600 ಮಾತ್ರ. ವಹಿವಾಟು ಎಷ್ಟೇ ಇರಲಿ ಕಂಪನಿಗೆ ಕಡ್ಡಾಯವಾದ ಆಡಿಟ್, ಕಂಪನಿ ರಿಜಿಸ್ಟ್ರಾರರ ಬಳಿ ಸಲ್ಲಿಸುವ ವಾರ್ಷಿಕ ಲೆಕ್ಕ ಇವುಗಳಿಗೇ ಅದು ಸಾಲದು. 12.75 ಲಕ್ಷ ಸಂಬಳ ಪಡೆದು 5.25 ಲಕ್ಷವನ್ನು ಕಂಪನಿಯಲ್ಲೇ ಬಿಟ್ಟರೆ ತೆರಿಗೆ 1,32,132. ಆದರೆ ಉಳಿದದ್ದನ್ನು ಅದೇ ವರ್ಷ ಡಿವಿಡೆಂಡ್ ಆಗಿ ತೆಗೆದರೆ ರಿಬೇಟೂ ಹೋಗಿ ಒಟ್ಟು ಹೊರೆ ಸುಮಾರು 2,55,800. ಲಾಭವನ್ನು ವರ್ಷಗಟ್ಟಲೆ ವ್ಯಾಪಾರದಲ್ಲೇ ತೊಡಗಿಸುವವರಿಗೆ ಮಾತ್ರ ಕಂಪನಿಯ ದರ ಅರ್ಥಪೂರ್ಣ. ತಿಂಗಳ ಖರ್ಚಿಗೆ ಅದೇ ದುಡ್ಡನ್ನು ನಂಬಿದವರಿಗೆ ಅಲ್ಲ.

ಸಂಬಳ ಬಿಟ್ಟು ಸ್ವತಂತ್ರ ವೃತ್ತಿಗೆ ಇಳಿಯುವ ಸಾಫ್ಟ್‌ವೇರ್‌ನವರ ಲೆಕ್ಕ: 24 ಲಕ್ಷ ಸಂಬಳಕ್ಕೆ ತೆರಿಗೆ 2,92,500. ಅದೇ 24 ಲಕ್ಷ ವೃತ್ತಿಯ ಸ್ವೀಕೃತಿಯಾಗಿ, ನಿಜ ಖರ್ಚು ಅರ್ಧದಷ್ಟು ಇದ್ದು, 44ಎಡಿಎಯಲ್ಲಿ 12 ಲಕ್ಷ ತೋರಿಸಿದರೆ ಸೊನ್ನೆ. ಆದರೆ ಪಿಎಫ್, ಗ್ರಾಚ್ಯುಟಿ ಇಲ್ಲ. ಸೇವೆಯ ಸ್ವೀಕೃತಿ 20 ಲಕ್ಷ ಮೀರಿದ್ದರಿಂದ ಜಿಎಸ್‌ಟಿ ನೋಂದಣಿ ಬೇಕು. ಒಂದೇ ಕಂಪನಿಗೆ, ಅವರು ಹೇಳಿದ ಸಮಯಕ್ಕೆ, ಅವರ ರಜೆಯ ನಿಯಮದಲ್ಲಿ ದುಡಿಯುತ್ತಿದ್ದರೆ ಹೆಸರು ಏನೇ ಇರಲಿ ಅದು ಸಂಬಳವೇ ಎಂದು ಇಲಾಖೆ ವಾದಿಸಬಹುದು.

ಹಂತ 8: ಮುಂಗಡ ತೆರಿಗೆ

ಟಿಡಿಎಸ್ ಕಳೆದು ತೆರಿಗೆ 10,000 ಅಥವಾ ಹೆಚ್ಚಿದ್ದರೆ ಕಂತಿನಲ್ಲಿ ಕಟ್ಟಬೇಕು: ಜೂನ್ 15ಕ್ಕೆ ಶೇ. 15, ಸೆಪ್ಟೆಂಬರ್ 15ಕ್ಕೆ 45, ಡಿಸೆಂಬರ್ 15ಕ್ಕೆ 75, ಮಾರ್ಚ್ 15ಕ್ಕೆ ಪೂರ್ತಿ. 44ಎಡಿ, 44ಎಡಿಎಯವರಿಗೆ ಮಾರ್ಚ್ 15ರ ಒಂದೇ ಕಂತು. ತಪ್ಪಿದರೆ ತಿಂಗಳಿಗೆ ಶೇ. 1 ಬಡ್ಡಿ. ಹೋಲಿಕೆಯ ಹಾಳೆಯಲ್ಲಿ ಈ ಬಡ್ಡಿ, ಆಡಿಟರ್ ಶುಲ್ಕ, ವರ್ಷಕ್ಕೆ 2,500ರವರೆಗಿನ ವೃತ್ತಿ ತೆರಿಗೆ, ಮೂರಕ್ಕೂ ಒಂದೊಂದು ಸಾಲು ಇರಲಿ.

ಲೆಕ್ಕ ತಪ್ಪಿದೆ ಎಂದು ಸೂಚಿಸುವ ಲಕ್ಷಣಗಳು

ಎಐಎಸ್‌ನ ಮೊತ್ತ ನೀವು ಬರೆದ ವಹಿವಾಟಿಗಿಂತ ಹೆಚ್ಚಿದೆ. ಕಮಿಷನ್ ಮೇಲೆ ಟಿಡಿಎಸ್ ಕಡಿತವಾಗಿದ್ದರೂ 44ಎಡಿ ಅಡಿ ತೋರಿಸಿದ್ದೀರಿ. ಬ್ಯಾಂಕಿನಿಂದ ಸಾಲ ಪಡೆಯಲು ಕೊಟ್ಟ ಲಾಭದ ಅಂಕಿ ಒಂದು, ರಿಟರ್ನ್ಸ್‌ನಲ್ಲಿ ಇನ್ನೊಂದು. ಕಂಪನಿಯ ಖಾತೆಯಿಂದ ಮನೆ ಸಾಮಾನಿಗೆ ಹಣ ಹೋಗುತ್ತಿದೆ, ಲೆಕ್ಕದಲ್ಲಿ ಅದು "ನಿರ್ದೇಶಕರಿಗೆ ಸಾಲ" ಎಂದಿದೆ. ಇದನ್ನು ಡಿವಿಡೆಂಡ್ ಎಂದೇ ಪರಿಗಣಿಸಿ ತೆರಿಗೆ ಹಾಕಲು ಕಾಯ್ದೆಯಲ್ಲಿ ಅವಕಾಶವಿದೆ. ಪೋರ್ಟಲ್‌ನ ಕ್ಯಾಲ್ಕುಲೇಟರ್ ತೋರಿಸುವ ತೆರಿಗೆ ನಿಮ್ಮ ಹಾಳೆಗಿಂತ ಬೇರೆ ಬಂದರೆ ಮೊದಲು ಕೃಷಿ ಆದಾಯದ ಸಾಲು, ಆಮೇಲೆ ಷೇರು ಮಾರಾಟದ ಲಾಭ ನೋಡಿ. ವಿಶೇಷ ದರದ ಷೇರು ಲಾಭಕ್ಕೆ ಹೊಸ ಪದ್ಧತಿಯಲ್ಲಿ 87ಎ ರಿಬೇಟ್ ಸಿಗುವುದಿಲ್ಲ.